ಸೆರೆಂಗೆಟಿಯಿಂದ ಜಾಂಜಿಬಾರ್‌ವರೆಗೆ: ಟಾಂಜಾನಿಯಾ ಸಫಾರಿಯನ್ನು ಯೋಜಿಸುವ ಬಗೆ

ಆಫ್ರಿಕಾದ ಸಫಾರಿಗೆ ಹೊರಡಬೇಕೆಂದುಕೊಂಡವರು ಮೊದಲು ಮಾಡಿಕೊಳ್ಳುವ ಪಟ್ಟಿಯಲ್ಲಿ ಸಾಮಾನ್ಯವಾಗಿ ಮಸಾಯಿ ಮಾರಾ, ಸೆರೆಂಗೆಟಿ, ಕಿಲಿಮಂಜಾರೊ, ವಿಕ್ಟೋರಿಯಾ ಜಲಪಾತ, ಕೇಪ್‌ಟೌನ್ ಎಲ್ಲವೂ ಇರುತ್ತವೆ. ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿರುವಂತೆ ಕಾಣುವ ಈ ಸ್ಥಳಗಳ ನಡುವೆ ಸಾವಿರಾರು ಕಿಲೋಮೀಟರ್ ದೂರವಿದೆ, ಬೇರೆ ಬೇರೆ ವೀಸಾಗಳಿವೆ, ಮತ್ತು ಪ್ರತಿ ಜಿಗಿತಕ್ಕೂ ವಿಮಾನ ನಿಲ್ದಾಣದಲ್ಲಿ ಕಳೆಯಬೇಕಾದ ಒಂದು ಪೂರ್ತಿ ದಿನವಿದೆ. ಹತ್ತು ಹನ್ನೆರಡು ದಿನಗಳ ರಜೆಯಲ್ಲಿ ಒಂದೇ ದೇಶವನ್ನು ಆರಿಸಿಕೊಂಡು, ಸಫಾರಿಯ ದಾರಿಯಲ್ಲೇ ಸಿಗುವ ಇತರ ತಾಣಗಳನ್ನು ಅದಕ್ಕೆ ಪೋಣಿಸಿಕೊಳ್ಳುವುದೇ ಜಾಣತನ. ಉತ್ತರ ಟಾಂಜಾನಿಯಾ ಅಂಥ ಯೋಜನೆಗೆ ಹೇಳಿ ಮಾಡಿಸಿದ ಪ್ರದೇಶ. ಅಲ್ಲಿ ಆನೆಗಳ ತರಂಗೀರೆ, ಜ್ವಾಲಾಮುಖಿಯ ಬಾಯೊಳಗಿನ ಗೊರೊಂಗೊರೊ, ಮಾನವಕುಲದ ಪೂರ್ವಿಕರ ಪಳೆಯುಳಿಕೆಗಳು ದೊರೆತ ಓಲ್ಡುವಾಯಿ ಕಮರಿ ಮತ್ತು ಸೆರೆಂಗೆಟಿಯ ಬಯಲು ಹೆಚ್ಚುಕಡಿಮೆ ಒಂದೇ ರಸ್ತೆಯಲ್ಲಿವೆ. ರಸ್ತೆ ಮುಗಿದಲ್ಲಿಂದ ಸಣ್ಣ ವಿಮಾನವೇರಿದರೆ ಜಾಂಜಿಬಾರ್ ದ್ವೀಪ.

ಮೊದಲು ತಿಂಗಳು, ಆಮೇಲೆ ಟಿಕೆಟ್

ವಿಮಾನದ ದರ ಕಡಿಮೆಯಿರುವ ದಿನಾಂಕವನ್ನು ಹಿಡಿದು ಯೋಜನೆ ಆರಂಭಿಸುವುದು ಇಲ್ಲಿ ಸರಿಹೋಗುವುದಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು, ಅವುಗಳ ಜೊತೆ ಲಕ್ಷಗಟ್ಟಲೆ ಜೀಬ್ರಾಗಳು ಮತ್ತು ಗೆಝೆಲ್‌ಗಳು ಮಳೆಯ ಹಿಂದೆ, ಹೊಸ ಹುಲ್ಲಿನ ಹಿಂದೆ ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ಆದ್ದರಿಂದ ‘ವಲಸೆ ನೋಡಲು ಯಾವಾಗ ಹೋಗಬೇಕು’ ಎಂದು ಕೇಳುವುದಕ್ಕಿಂತ ‘ನಾನು ಹೋಗುವ ತಿಂಗಳಲ್ಲಿ ಹಿಂಡು ಎಲ್ಲಿರುತ್ತದೆ’ ಎಂದು ಕೇಳುವುದು ಮೇಲು. ಜನವರಿಯ ಕೊನೆಯಿಂದ ಮಾರ್ಚ್ ಆರಂಭದವರೆಗೆ ಅವು ದಕ್ಷಿಣದ ಎನ್‌ಡುಟು ಸುತ್ತಲಿನ ಗಿಡ್ಡ ಹುಲ್ಲಿನ ಬಯಲಿನಲ್ಲಿರುತ್ತವೆ. ಕರು ಹಾಕುವ ಕಾಲ ಅದು, ಬೇಟೆಯ ಪ್ರಾಣಿಗಳಿಗೂ ಸುಗ್ಗಿ. ಮೇ ಕೊನೆಯಿಂದ ಜೂನ್‌ನಲ್ಲಿ ಪಶ್ಚಿಮದ ಗ್ರುಮೆಟಿ ನದಿಯ ಕಡೆಗೂ, ಜುಲೈನಿಂದ ಅಕ್ಟೋಬರ್‌ವರೆಗೆ ಉತ್ತರದ ಕೊಗಟೆಂಡೆ ಭಾಗದ ಮಾರಾ ನದಿಯ ಕಡೆಗೂ ಸರಿಯುತ್ತವೆ. ಮೊಸಳೆಗಳಿರುವ ನದಿಯನ್ನು ಹಿಂಡು ದಾಟುವ ಪ್ರಸಿದ್ಧ ದೃಶ್ಯ ಈ ಉತ್ತರ ಭಾಗದ್ದು. ನವೆಂಬರ್‌ನಲ್ಲಿ ಮತ್ತೆ ದಕ್ಷಿಣಕ್ಕೆ ಪಯಣ.

ನದಿ ದಾಟುವುದನ್ನೇ ನೋಡಬೇಕೆಂದು ಹಟ ಹಿಡಿದವರಿಗೆ ಒಂದು ಮಾತು. ದಡದಲ್ಲಿ ಸಾವಿರಾರು ಪ್ರಾಣಿಗಳು ಸೇರಿ, ಗಂಟೆಗಟ್ಟಲೆ ಅಳುಕಿ, ಕೊನೆಗೆ ಹಿಂದಿರುಗಿ ಮೇಯಲು ಹೋಗುವುದೂ ಉಂಟು. ಉತ್ತರದಲ್ಲಿ ಕನಿಷ್ಠ ಮೂರು ರಾತ್ರಿ ಉಳಿಯಲಾಗದಿದ್ದರೆ ಆ ಒಂದು ದೃಶ್ಯಕ್ಕಾಗಿ ಇಡೀ ಪ್ರವಾಸವನ್ನು ಪಣಕ್ಕಿಡಬಾರದು. ನನ್ನ ಮಟ್ಟಿಗೆ ಫೆಬ್ರುವರಿಯ ಎನ್‌ಡುಟುವೇ ಹೆಚ್ಚು ಭರವಸೆಯದು: ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಎದ್ದು ತಾಯಿಯ ಹಿಂದೆ ಓಡುವ ಕರುಗಳನ್ನು ಕಾಣಲು ಯಾವ ನದಿಯ ಮುಂದೆಯೂ ಕಾದು ಕೂರಬೇಕಿಲ್ಲ.

ತರಂಗೀರೆಯ ಲೆಕ್ಕ ಬೇರೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಒಣಗಾಲದಲ್ಲಿ ಸುತ್ತಲಿನ ನೀರೆಲ್ಲ ಬತ್ತಿ ಆನೆಗಳ ದೊಡ್ಡ ಹಿಂಡುಗಳು ತರಂಗೀರೆ ನದಿಯ ಆಸರೆಗೆ ಬರುತ್ತವೆ. ಮಳೆಗಾಲದಲ್ಲಿ ಅವು ಉದ್ಯಾನದ ಹೊರಗೂ ಚದುರಿಹೋಗುತ್ತವೆ. ಹಾಗಾಗಿ ಫೆಬ್ರುವರಿಯಲ್ಲಿ ಹೋಗುವವರು ತರಂಗೀರೆಗೆ ಅರ್ಧ ದಿನ ಕೊಟ್ಟು, ಉಳಿಸಿದ ಸಮಯವನ್ನು ಎನ್‌ಡುಟುವಿಗೆ ಸೇರಿಸಬಹುದು. ಮಾರ್ಚ್ ಮಧ್ಯದಿಂದ ಮೇವರೆಗೆ ದೊಡ್ಡ ಮಳೆ. ಆಗ ದರ ಇಳಿಯುತ್ತದೆ, ಜನಸಂದಣಿ ಇರುವುದಿಲ್ಲ. ಆದರೆ ಕೆಲವು ಶಿಬಿರಗಳು ಮುಚ್ಚಿರುತ್ತವೆ, ಕೆಸರಿನಲ್ಲಿ ವಾಹನ ಹೂತುಹೋಗುತ್ತದೆ, ಜಾಂಜಿಬಾರ್‌ನ ಕಡಲತೀರವೂ ನೆನೆಯುತ್ತಿರುತ್ತದೆ. ನಮ್ಮ ಶಾಲೆಗಳ ಬೇಸಿಗೆ ರಜೆ ಇದೇ ಹೊತ್ತಿಗೆ ಬರುವುದು ಕರ್ನಾಟಕದ ಕುಟುಂಬಗಳ ದುರದೃಷ್ಟ. ದಸರಾ ರಜೆಯೊಂದಿಗೆ ಹೊಂದಿಸಿಕೊಂಡರೆ ತರಂಗೀರೆ ಮತ್ತು ಮಾರಾ ನದಿ ಎರಡೂ ಕೈಗೆಟಕುತ್ತವೆ.

ದಾರಿಯನ್ನು ಒಂದೇ ದಿಕ್ಕಿನಲ್ಲಿ ಹೆಣೆಯುವುದು

ಹೆಚ್ಚಿನ ಪ್ಯಾಕೇಜುಗಳು ಅರೂಷಾ ನಗರದಿಂದ ಹೊರಟು, ಸೆರೆಂಗೆಟಿ ಮುಟ್ಟಿ, ಅದೇ ರಸ್ತೆಯಲ್ಲಿ ಅರೂಷಾಕ್ಕೆ ಮರಳುತ್ತವೆ. ಸೆರೆಂಗೆಟಿಯ ನಡುಭಾಗವಾದ ಸೆರೊನೆರಾ ಅರೂಷಾದಿಂದ ಮುನ್ನೂರು ಕಿಲೋಮೀಟರಿಗೂ ದೂರದಲ್ಲಿದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮೈಕೈ ಕುಲುಕುವ ಮಣ್ಣುರಸ್ತೆ. ಮರಳುವ ಪ್ರಯಾಣಕ್ಕೇ ಒಂದು ಹಗಲು ಬೇಕು. ಅದರ ಬದಲು ಬರುವ ಟಿಕೆಟನ್ನು ಕಿಲಿಮಂಜಾರೊ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ, ಹಿಂದಿರುಗುವ ಟಿಕೆಟನ್ನು ಜಾಂಜಿಬಾರ್‌ನಿಂದಲೂ ತೆಗೆದುಕೊಳ್ಳುವುದು ಉತ್ತಮ. ಇಥಿಯೋಪಿಯನ್ ಏರ್‌ಲೈನ್ಸ್ ಅಡಿಸ್ ಅಬಾಬಾ ಮೂಲಕ, ಕತಾರ್ ಏರ್‌ವೇಸ್ ದೋಹಾ ಮೂಲಕ ಎರಡೂ ಕಡೆಗೆ ಹಾರುತ್ತವೆ. ಟಿಕೆಟ್ ಹುಡುಕುವಾಗ ‘ಮಲ್ಟಿ ಸಿಟಿ’ ಆಯ್ಕೆಯನ್ನು ಬಳಸಿದರೆ ದರ ಹೆಚ್ಚೇನೂ ಏರುವುದಿಲ್ಲ.

ಹನ್ನೆರಡು ದಿನಗಳ ಒಂದು ಮಾದರಿ ಹೀಗಿರಬಹುದು. ಮೊದಲ ದಿನ ಕಿಲಿಮಂಜಾರೊ ನಿಲ್ದಾಣದಲ್ಲಿಳಿದು, ಸುಮಾರು ಐವತ್ತು ಕಿಲೋಮೀಟರ್ ದೂರದ ಅರೂಷಾದಲ್ಲಿ ವಿಶ್ರಾಂತಿ. ಎರಡನೆಯ ದಿನ ತರಂಗೀರೆ. ಅಲ್ಲಿ ಬಯಲ ತುಂಬ ನಿಂತಿರುವ ಬಾವೊಬಾಬ್ ಮರಗಳು ಹಾವೇರಿ ಜಿಲ್ಲೆಯ ಸವಣೂರಿನಲ್ಲಿರುವ ದೊಡ್ಡಹುಣಸೆ ಮರಗಳ ಜಾತಿಯವೇ. ವ್ಯತ್ಯಾಸವೆಂದರೆ ತರಂಗೀರೆಯ ಕಾಂಡಗಳ ಮೇಲೆ ಆನೆಗಳು ತೊಗಟೆ ಸುಲಿದ ಗಾಯಗಳಿರುತ್ತವೆ. ಮೂರನೆಯ ದಿನ ಮನ್ಯಾರಾ ಸರೋವರ ಮತ್ತು ಅದರ ಬುಡದ ಎಂಟೊ ವಾ ಎಂಬು ಎಂಬ ಊರು, ನಾಲ್ಕನೆಯ ದಿನ ಗೊರೊಂಗೊರೊ, ಐದನೆಯ ದಿನ ಓಲ್ಡುವಾಯಿ ನೋಡಿಕೊಂಡು ಸೆರೆಂಗೆಟಿ. ಅಲ್ಲಿ ಮೂರು ರಾತ್ರಿ ಕಳೆದು, ಎಂಟನೆಯ ದಿನ ಸೆರೊನೆರಾ ಅಥವಾ ಕೊಗಟೆಂಡೆಯ ಮಣ್ಣಿನ ಓಡುದಾರಿಯಿಂದ ಸಣ್ಣ ವಿಮಾನದಲ್ಲಿ ಜಾಂಜಿಬಾರ್. ಉಳಿದ ನಾಲ್ಕು ರಾತ್ರಿಗಳಲ್ಲಿ ಎರಡು ಸ್ಟೋನ್ ಟೌನ್‌ಗೆ, ಎರಡು ಕಡಲತೀರಕ್ಕೆ.

ಕೀನ್ಯಾದ ಮಸಾಯಿ ಮಾರಾವನ್ನೂ ಸೇರಿಸಬೇಕೆನ್ನುವವರು ಗಮನಿಸಬೇಕಾದ ಸಂಗತಿಯಿದೆ. ಸೆರೆಂಗೆಟಿ ಮತ್ತು ಮಾರಾ ಒಂದಕ್ಕೊಂದು ಅಂಟಿಕೊಂಡ ಕಾಡುಗಳೇ ಆದರೂ ಅವುಗಳ ನಡುವಿನ ಗಡಿಯನ್ನು ಪ್ರವಾಸಿಗರು ಅಲ್ಲಿಯೇ ದಾಟುವಂತಿಲ್ಲ. ಇಸೆಬಾನಿಯಾ ಅಥವಾ ನಮಂಗಾ ಚೆಕ್‌ಪೋಸ್ಟ್‌ಗೆ ಸುತ್ತಿ ಬರಬೇಕು, ಕೀನ್ಯಾಕ್ಕೆ ಪ್ರತ್ಯೇಕ ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಪಡೆಯಬೇಕು. ‘ಪೂರ್ವ ಆಫ್ರಿಕಾ ಪ್ರವಾಸಿ ವೀಸಾ’ ಎಂಬ ಹೆಸರನ್ನು ಕೇಳಿ ಅದರಲ್ಲಿ ಟಾಂಜಾನಿಯಾ ಇದೆಯೆಂದು ಭಾವಿಸುವವರಿದ್ದಾರೆ. ಅದು ಕೀನ್ಯಾ, ಉಗಾಂಡಾ ಮತ್ತು ರುವಾಂಡಾಗಳಿಗೆ ಮಾತ್ರ.

ಗೇಟಿನ ಗಡಿಯಾರ

ಖರ್ಚಿನ ಅಂದಾಜು ಮಾಡುವವರು ಹೋಟೆಲ್ ದರವನ್ನು ನೋಡಿ ಲೆಕ್ಕ ಹಾಕುತ್ತಾರೆ. ನಿಜವಾಗಿ ಬೆಲೆಯನ್ನು ನಿರ್ಧರಿಸುವುದು ಉದ್ಯಾನಗಳ ಪ್ರವೇಶ ಶುಲ್ಕ ಮತ್ತು ಅದರ ಹಿಂದಿನ ಸಮಯದ ಲೆಕ್ಕ. ಸೆರೆಂಗೆಟಿಯಲ್ಲಿ ವಿದೇಶಿ ವಯಸ್ಕರೊಬ್ಬರಿಗೆ ಪ್ರವಾಸಿಗರು ಹೆಚ್ಚಿರುವ ಋತುವಿನಲ್ಲಿ ಶುಲ್ಕ ವ್ಯಾಟ್ ಸೇರಿ 80 ಡಾಲರ್ ದಾಟುತ್ತದೆ. ಗೊರೊಂಗೊರೊದಲ್ಲಿ ಸುಮಾರು 70 ಡಾಲರ್. ಇವು ಇಪ್ಪತ್ತನಾಲ್ಕು ಗಂಟೆಗಳ ದರ. ಕ್ಯಾಲೆಂಡರಿನ ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಉದ್ಯಾನದೊಳಗೆ ರಾತ್ರಿ ತಂಗಿದರೆ ಅದಕ್ಕೆ ಬೇರೆ ಶುಲ್ಕವುಂಟು.

ದಕ್ಷಿಣದಿಂದ ಸೆರೆಂಗೆಟಿಯನ್ನು ಪ್ರವೇಶಿಸುವ ನಾಬಿ ಹಿಲ್ ಗೇಟಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬಯಲಿನ ನಡುವೆ ಎದ್ದ ಬಂಡೆಗುಡ್ಡದ ನೆರಳಿನಲ್ಲಿ ಧೂಳು ಮೆತ್ತಿದ ಲ್ಯಾಂಡ್ ಕ್ರೂಸರ್‌ಗಳು ಸಾಲಾಗಿ ನಿಂತಿರುತ್ತವೆ, ಪ್ರವಾಸಿಗರು ಊಟದ ಪೊಟ್ಟಣ ಬಿಚ್ಚುತ್ತಾರೆ, ನೀಲಿ-ಕಿತ್ತಳೆ ಬಣ್ಣದ ಸ್ಟಾರ್ಲಿಂಗ್ ಹಕ್ಕಿಗಳು ಮೇಜಿನ ಮೇಲೇ ಕುಪ್ಪಳಿಸುತ್ತವೆ. ಚಾಲಕರು ಮಾತ್ರ ಕಾಗದಗಳನ್ನು ಹಿಡಿದು ಕೌಂಟರಿನ ಮುಂದೆ ನಿಂತಿರುತ್ತಾರೆ, ಏಕೆಂದರೆ ಅನುಮತಿ ಪತ್ರದಲ್ಲಿ ಪ್ರವೇಶದ ಗಂಟೆ-ನಿಮಿಷ ನಮೂದಾಗುತ್ತದೆ. ಮಧ್ಯಾಹ್ನ ಒಂದಕ್ಕೆ ಒಳಹೋದವರು ಮೂರು ರಾತ್ರಿಗಳ ಬಳಿಕ ಮಧ್ಯಾಹ್ನ ಒಂದರೊಳಗೆ ಹೊರಬರದಿದ್ದರೆ ನಾಲ್ಕನೆಯ ದಿನದ ಶುಲ್ಕ ತೆರಬೇಕು. ಸಿಂಹಗಳ ಮುಂದೆ ನಿಂತಿರುವಾಗ ಚಾಲಕ ಏಕಾಏಕಿ ಅವಸರ ಮಾಡುವುದರ ಹಿಂದೆ ಬಹುಮಟ್ಟಿಗೆ ಈ ಗಡಿಯಾರವಿರುತ್ತದೆ. ಆದ್ದರಿಂದ ಒಳಹೋಗುವ ಸಮಯವನ್ನು ಹೊರಬರುವ ವಿಮಾನದ ಸಮಯಕ್ಕೆ ಹೊಂದಿಸಿ ಕೊಡುವಂತೆ ಮೊದಲೇ ಕೇಳಿಕೊಳ್ಳಬೇಕು.

ಗೊರೊಂಗೊರೊದಲ್ಲಿ ಇನ್ನೊಂದು ತೊಡಕು. ಸೆರೆಂಗೆಟಿಗೆ ಹೋಗುವ ರಸ್ತೆ ಗೊರೊಂಗೊರೊ ಸಂರಕ್ಷಿತ ಪ್ರದೇಶದ ಮೂಲಕವೇ ಹಾದುಹೋಗುವುದರಿಂದ, ಸುಮ್ಮನೆ ದಾಟಿ ಹೋಗುವವರೂ ಅಲ್ಲಿನ ಶುಲ್ಕ ಕೊಡಬೇಕು. ಕುಳಿಯನ್ನು ನೋಡಿ ಹೊರಗಿನ ಕರಾಟು ಪಟ್ಟಣಕ್ಕೆ ಮಲಗಲು ಬಂದರೆ ಮರುದಿನ ಅದೇ ಗೇಟಿನಲ್ಲಿ ಮತ್ತೊಮ್ಮೆ ಹಣ ಕಟ್ಟಬೇಕಾಗುತ್ತದೆ. ಕುಳಿಯ ಅಂಚಿನ ಲಾಡ್ಜ್‌ಗಳು ದುಬಾರಿ ಎನಿಸಿದರೂ ಈ ಎರಡನೆಯ ಶುಲ್ಕವನ್ನು ಕಳೆದು ನೋಡಿದರೆ ಅಂತರ ಕಿರಿದಾಗುತ್ತದೆ. ಕುಳಿಗೆ ಇಳಿಯುವ ಪ್ರತಿ ವಾಹನಕ್ಕೆ ಸುಮಾರು 295 ಡಾಲರ್‌ಗಳ ಪ್ರತ್ಯೇಕ ಶುಲ್ಕವೂ ಇದೆ. ವಾಹನದಲ್ಲಿ ಇಬ್ಬರಿದ್ದರೆ ತಲೆಗೆ ಸುಮಾರು 147, ಆರು ಮಂದಿಯಿದ್ದರೆ 49. ಸಫಾರಿಯಲ್ಲಿ ಹಣ ಉಳಿಸುವ ಅತ್ಯಂತ ಪರಿಣಾಮಕಾರಿ ದಾರಿ ಅಗ್ಗದ ಹಾಸಿಗೆಯನ್ನು ಹುಡುಕುವುದಲ್ಲ, ವಾಹನವನ್ನು ಹಂಚಿಕೊಳ್ಳಲು ಒಳ್ಳೆಯ ಜೊತೆಯನ್ನು ಹುಡುಕುವುದು.

ಸಂಘಟಕರನ್ನು ಆರಿಸುವಾಗ

ಅರೂಷಾದಲ್ಲಿ ಸಫಾರಿ ನಡೆಸುವ ಸಂಸ್ಥೆಗಳು ನೂರಾರು. ಅವರಿಗೆ ಸರ್ಕಾರದ ‘ಟಾಲಾ’ ಪರವಾನಗಿ ಕಡ್ಡಾಯ, ಅದರ ಪ್ರತಿಯನ್ನು ಕೇಳಿ ಪಡೆಯಲು ಸಂಕೋಚ ಬೇಡ. ಮೂರು ಕಡೆಯಿಂದಾದರೂ ದರಪಟ್ಟಿ ತರಿಸಿ, ಪ್ರತಿಯೊಂದರಲ್ಲೂ ಉದ್ಯಾನ ಶುಲ್ಕ, ರಾತ್ರಿ ತಂಗುವ ಶುಲ್ಕ, ಕುಳಿಯ ವಾಹನ ಶುಲ್ಕ, ವ್ಯಾಟ್, ಕುಡಿಯುವ ನೀರು ಸೇರಿವೆಯೇ, ವಾಹನ ನಿಮಗಷ್ಟೇ ಮೀಸಲೇ, ಪ್ರತಿಯೊಬ್ಬರಿಗೂ ಕಿಟಕಿ ಬದಿಯ ಆಸನವಿದೆಯೇ, ಛಾವಣಿ ಮೇಲೆತ್ತುವಂಥದ್ದೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು. ತಂಗುವ ಶಿಬಿರದ ಹೆಸರಿನ ಮುಂದೆ ‘ಅಥವಾ ಅದಕ್ಕೆ ಸಮನಾದದ್ದು’ ಎಂದು ಬರೆದಿದ್ದರೆ ಆ ಸಮನಾದದ್ದು ಯಾವುದೆಂದು ಕೇಳಿ. ಸೆರೆಂಗೆಟಿಯ ಗೇಟಿನ ಹೊರಗಿರುವ ಶಿಬಿರಕ್ಕೂ ಸೆರೊನೆರಾದೊಳಗಿನ ಶಿಬಿರಕ್ಕೂ ಬೆಳಗಿನ ಎರಡು ಗಂಟೆಗಳ ವ್ಯತ್ಯಾಸ ಬೀಳುತ್ತದೆ.

ಪ್ಯಾಕೇಜನ್ನು ಭಾರತದ ಏಜೆಂಟರ ಮೂಲಕ ಕೊಂಡರೆ ಟಿಸಿಎಸ್ (ಮಾರುವ ಹೊತ್ತಿನಲ್ಲೇ ಹಿಡಿಯುವ ತೆರಿಗೆ) ವಸೂಲಾಗುತ್ತದೆ. ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಕೈಯಿಂದ ಹೋಗುವ ಹಣದ ಲೆಕ್ಕದಲ್ಲಿ ಅದು ಇರಬೇಕು. ಚಾಲಕ-ಗೈಡ್‌ಗೆ ಟಿಪ್ಸ್ ಕೊಡುವುದು ಅಲ್ಲಿನ ರೂಢಿ: ಇಡೀ ವಾಹನದ ಪರವಾಗಿ ದಿನಕ್ಕೆ 20 ಡಾಲರ್ ಆಸುಪಾಸು. ಡಾಲರ್ ನೋಟುಗಳು ಹೊಸವಾಗಿರಲಿ. ಹಳೆಯ ಸರಣಿಯ ಅಥವಾ ಹರಿದ ನೋಟುಗಳನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ.

ಕಬಿನಿ ಅಥವಾ ಬಂಡೀಪುರದ ಸಫಾರಿಗೆ ಒಗ್ಗಿಕೊಂಡವರಿಗೆ ಅಲ್ಲಿನ ಕ್ರಮ ಬೇರೆಯೆನಿಸುತ್ತದೆ. ನಮ್ಮಲ್ಲಿ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಗೊತ್ತುಪಡಿಸಿದ ಅವಧಿ. ಅಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ವಾಹನ ನಿಮ್ಮದೇ. ಆದರೂ ಗೊತ್ತುಪಡಿಸಿದ ಜಾಗವನ್ನು ಬಿಟ್ಟು ಬೇರೆಲ್ಲೂ ಕೆಳಗಿಳಿಯುವಂತಿಲ್ಲ. ದಿನವಿಡೀ ಕುಲುಕುವ ವಾಹನದಲ್ಲಿ ಕೂರುವುದು ಹಿರಿಯರಿಗೆ ಕಷ್ಟವಾಗಬಹುದಾದ್ದರಿಂದ ನಡುವೆ ಒಂದು ಮಧ್ಯಾಹ್ನವನ್ನಾದರೂ ಶಿಬಿರದಲ್ಲಿ ವಿಶ್ರಾಂತಿಗೆ ಬಿಡುವುದು ಒಳ್ಳೆಯದು.

ದಾರಿಯಲ್ಲಿ ಸೇರಿಸಿಕೊಳ್ಳಬಹುದಾದ ನಿಲುಗಡೆಗಳು

ಗೊರೊಂಗೊರೊ ಕುಳಿ ಸುಮಾರು 600 ಮೀಟರ್ ಆಳ, ತಳದ ವಿಸ್ತೀರ್ಣ ಹತ್ತಿರಹತ್ತಿರ 260 ಚದರ ಕಿಲೋಮೀಟರ್. ಅಂಚು ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವುದರಿಂದ ಮುಂಜಾನೆ ಸ್ವೆಟರ್ ಇಲ್ಲದೆ ನಿಲ್ಲಲಾಗದು. ಬೆಳಗಿನ ಮೊದಲ ವಾಹನಗಳೊಂದಿಗೆ ಇಳಿದರೆ ಕಪ್ಪು ಖಡ್ಗಮೃಗವನ್ನು, ದೂರದಿಂದಲಾದರೂ, ಕಾಣುವ ಸಾಧ್ಯತೆ ಹೆಚ್ಚು. ಲೆರಾಯಿ ಕಾಡಿನ ಅಂಚಿನಲ್ಲಿ ಉದ್ದ ದಂತದ ಮುದಿ ಸಲಗಗಳು ಮೇಯುತ್ತವೆ. ಜಿರಾಫೆಗಾಗಿ ಮಾತ್ರ ಇಲ್ಲಿ ಹುಡುಕಬೇಡಿ, ಕುಳಿಯೊಳಗೆ ಅವು ಇರುವುದಿಲ್ಲ. ಎನ್‌ಗೊಯಿಟೊಕಿಟೊಕ್ ಕೊಳದ ಬಳಿ ಎಲ್ಲರೂ ಊಟಕ್ಕೆ ಇಳಿಯುತ್ತಾರೆ. ನೀರಿನಲ್ಲಿ ನೀರ್ಗುದುರೆಗಳು, ಮೇಲೆ ಸುತ್ತುವ ಹದ್ದುಗಳು. ಈ ಹದ್ದುಗಳು ಹಿಂದಿನಿಂದ ಎರಗಿ ಕೈಯಲ್ಲಿರುವ ತುತ್ತನ್ನೇ ಕಿತ್ತೊಯ್ಯುವುದರಿಂದ ಅನುಭವಸ್ಥರು ವಾಹನದೊಳಗೇ ಕುಳಿತು ಊಟ ಮುಗಿಸಿ, ಬಳಿಕ ಕೊಳದ ದಡಕ್ಕೆ ಹೋಗುತ್ತಾರೆ.

ಓಲ್ಡುವಾಯಿ ಕಮರಿ ಮುಖ್ಯರಸ್ತೆಯಿಂದ ಕೆಲವೇ ಕಿಲೋಮೀಟರ್ ಒಳಗಿದೆ. ಆದರೂ ಹೆಚ್ಚಿನವರು ಅದನ್ನು ದಾಟಿ ಓಡುತ್ತಾರೆ. 1959ರಲ್ಲಿ ಮೇರಿ ಲೀಕಿ ಅವರಿಗೆ ಸುಮಾರು ಹದಿನೇಳೂವರೆ ಲಕ್ಷ ವರ್ಷ ಹಳೆಯ ಪೂರ್ವಮಾನವನ ತಲೆಬುರುಡೆ ದೊರೆತದ್ದು ಇಲ್ಲಿಯೇ. 1978ರಲ್ಲಿ ಇಲ್ಲಿಂದ ದಕ್ಷಿಣಕ್ಕಿರುವ ಲೇಟೊಲಿಯಲ್ಲಿ, ಜ್ವಾಲಾಮುಖಿಯ ಒದ್ದೆ ಬೂದಿಯ ಮೇಲೆ ಮೂಡಿದ್ದ ಮೂವತ್ತಾರು ಲಕ್ಷ ವರ್ಷ ಹಿಂದಿನ ಹೆಜ್ಜೆಗುರುತುಗಳು ಬೆಳಕಿಗೆ ಬಂದವು. ಕಮರಿಯ ಅಂಚಿನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಆ ಹೆಜ್ಜೆಗಳ ಅಚ್ಚನ್ನು ನೋಡಬಹುದು. ಒಂದೂವರೆ ಗಂಟೆ ಸಾಕು. ಸೆರೆಂಗೆಟಿಯ ಗೇಟಿಗೆ ಮಧ್ಯಾಹ್ನ ತಲುಪುವ ಯೋಜನೆಗೂ ಇದು ಸರಿಹೊಂದುತ್ತದೆ.

ಎಂಟೊ ವಾ ಎಂಬುವಿನಲ್ಲಿ ಸ್ಥಳೀಯ ಮಾರ್ಗದರ್ಶಕರೊಡನೆ ಬಾಳೆತೋಟ ಮತ್ತು ಗದ್ದೆಗಳ ನಡುವೆ ಎರಡು ಗಂಟೆ ನಡೆಯುವುದು ವಾಹನದಲ್ಲಿ ಕೂತು ಜಡ್ಡುಗಟ್ಟಿದ ಕಾಲುಗಳಿಗೆ ಹಿತ. ಇದಕ್ಕೆ ಹೋಲಿಸಿದರೆ ರಸ್ತೆಬದಿಯ ಮಸಾಯಿ ‘ಪ್ರದರ್ಶನ ಗ್ರಾಮ’ಗಳ ಬಗ್ಗೆ ನನಗೆ ಉತ್ಸಾಹವಿಲ್ಲ. ಮೊದಲೇ ದರ ನಿಗದಿಯಾದ ಕುಣಿತ, ಬಳಿಕ ಮಣಿಸರಗಳ ಮಾರಾಟ, ಅಷ್ಟರಲ್ಲಿ ಭೇಟಿ ಮುಗಿಯುತ್ತದೆ. ಕಿಲಿಮಂಜಾರೊ ಪರ್ವತವನ್ನು ಹತ್ತುವ ಉದ್ದೇಶವಿಲ್ಲದೆ ಹತ್ತಿರದಿಂದ ನೋಡಬಯಸುವವರು ಆರಂಭದಲ್ಲಿ ಒಂದು ದಿನ ಸೇರಿಸಿ ಮೋಶಿಯಲ್ಲಿ ತಂಗಬಹುದು. 5,895 ಮೀಟರ್ ಎತ್ತರದ ಆ ಶಿಖರ ಹಗಲೆಲ್ಲ ಮೋಡದೊಳಗಿದ್ದು ಮುಂಜಾನೆ ಮತ್ತು ಸಂಜೆ ಮಾತ್ರ ಮುಖ ತೋರಿಸುವುದು ಸಾಮಾನ್ಯ. ಚಾಗಾ ಜನರ ಕಾಫಿ ತೋಟಗಳು ಅದೇ ಇಳಿಜಾರಿನಲ್ಲಿವೆ. ಕೊಡಗು-ಚಿಕ್ಕಮಗಳೂರಿನವರಿಗೆ ಬಾಳೆಯ ನೆರಳಿನಲ್ಲಿ ಬೆಳೆವ ಅರೇಬಿಕಾ ಕುತೂಹಲ ಹುಟ್ಟಿಸೀತು.

ಜಾಂಜಿಬಾರ್‌ನಲ್ಲಿ ನೇರವಾಗಿ ಕಡಲತೀರದ ರೆಸಾರ್ಟಿಗೆ ಓಡಬಾರದು. 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸ್ಟೋನ್ ಟೌನ್‌ನ ಇಕ್ಕಟ್ಟಾದ ಓಣಿಗಳಲ್ಲಿ ಅರಬ್, ಸ್ವಾಹಿಲಿ ಮತ್ತು ಗುಜರಾತಿ ವರ್ತಕರ ಬದುಕು ಹೆಣೆದುಕೊಂಡಿದೆ. ಹಿತ್ತಾಳೆಯ ಮೊಳೆ ಹೊಡೆದ ಕೆತ್ತನೆಯ ಬಾಗಿಲುಗಳಲ್ಲಿ ಭಾರತದ ಕೈಚಳಕ ಎದ್ದು ಕಾಣುತ್ತದೆ. 1873ರಲ್ಲಿ ಮುಚ್ಚಿದ ಗುಲಾಮರ ಮಾರುಕಟ್ಟೆಯ ಜಾಗದಲ್ಲಿ ಈಗ ಆಂಗ್ಲಿಕನ್ ಚರ್ಚ್ ಇದೆ. ಅಲ್ಲಿನ ಪ್ರದರ್ಶನವನ್ನು ಅವಸರವಿಲ್ಲದೆ ನೋಡಬೇಕು. ಸಂಜೆ ಫೊರೊಧಾನಿ ಉದ್ಯಾನದಲ್ಲಿ ತಿಂಡಿಯಂಗಡಿಗಳು ತೆರೆಯುತ್ತವೆ. ಹುಳಿ ಸಾರಿಗೆ ಭಜಿ, ಆಲೂಗಡ್ಡೆ ಸೇರಿಸಿ ಕೊಡುವ ಉರೋಜೊ ಊರಿನವರ ಅಚ್ಚುಮೆಚ್ಚಿನ ತಿಂಡಿ; ಮಾಂಸ ಬೇಡವೆಂದು ಮೊದಲೇ ಹೇಳಬೇಕು. ಕಡಲತೀರ ಆರಿಸುವಾಗ ಉಬ್ಬರ-ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಪೂರ್ವದ ಪಾಜೆ, ಜಾಂಬಿಯಾನಿಗಳಲ್ಲಿ ಇಳಿತದ ಹೊತ್ತಿಗೆ ಸಮುದ್ರ ಬಹುದೂರ ಹಿಂದೆ ಸರಿದು, ಈಜುವ ಬದಲು ನಡೆಯಬೇಕಾಗುತ್ತದೆ. ಉತ್ತರದ ನುಂಗ್ವಿ, ಕೆಂಡ್ವಾಗಳಲ್ಲಿ ಈ ತೊಂದರೆ ಕಡಿಮೆ.

ಕಾಗದಪತ್ರ, ಲಸಿಕೆ, ಚೀಲ

ಟಾಂಜಾನಿಯಾದ ಇ-ವೀಸಾಕ್ಕೆ ಭಾರತೀಯರಿಗೆ 50 ಡಾಲರ್. ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ಅರ್ಜಿ ಹಾಕಬೇಕು, ಏಕೆಂದರೆ ಅದನ್ನೇ ಹೋಲುವ ಮಧ್ಯವರ್ತಿಗಳ ತಾಣಗಳು ಹೆಚ್ಚು ಹಣ ಕೀಳುತ್ತವೆ. ಜಾಂಜಿಬಾರ್‌ಗೆ ಹೋಗುವ ವಿದೇಶಿಯರು 2024ರ ಅಕ್ಟೋಬರ್‌ನಿಂದ ಅಲ್ಲಿನ ಸರ್ಕಾರಿ ವಿಮಾ ನಿಗಮದಿಂದಲೇ 44 ಡಾಲರ್‌ಗಳ ಪ್ರಯಾಣ ವಿಮೆ ಮಾಡಿಸಬೇಕು. ನೀವು ಭಾರತದಲ್ಲಿ ಮಾಡಿಸಿದ ವಿಮೆ ಅದಕ್ಕೆ ಬದಲಿಯಾಗುವುದಿಲ್ಲ. ಹಾಗೆಂದು ಭಾರತದ ವಿಮೆಯನ್ನು ಬಿಡಲೂ ಬಾರದು: ಕಾಡಿನಿಂದ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ವೆಚ್ಚ ಅದರಲ್ಲಿ ಸೇರಿರಬೇಕು.

ಇಥಿಯೋಪಿಯಾ ಅಥವಾ ಕೀನ್ಯಾ ಮೂಲಕ ಪ್ರಯಾಣಿಸುವವರಿಗೆ ಹಳದಿ ಜ್ವರದ ಲಸಿಕೆ ಅನಿವಾರ್ಯವೆಂದೇ ತಿಳಿಯಿರಿ. ಈ ಲಸಿಕೆ ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುತ್ತದೆ, ಅಲ್ಲಿ ದಿನಕ್ಕಿಷ್ಟೇ ಜನರಿಗೆ ಎಂಬ ಮಿತಿ ಇರುತ್ತದೆ, ಮತ್ತು ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಹೊರಡುವ ವಾರದಲ್ಲಿ ನೆನಪಾದರೆ ಉಪಾಯವಿಲ್ಲ. ಒಮ್ಮೆ ಹಾಕಿಸಿಕೊಂಡರೆ ಜೀವನಪರ್ಯಂತ ಮಾನ್ಯ.

ಸಣ್ಣ ವಿಮಾನದಲ್ಲಿ ತಲೆಗೆ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಗಟ್ಟಿ ಸೂಟ್‌ಕೇಸನ್ನು ಒಳಗೆ ತೂರಿಸಲಾಗುವುದಿಲ್ಲ. ಪ್ಲಾಸ್ಟಿಕ್ ಕೈಚೀಲಗಳನ್ನು 2019ರಿಂದ ದೇಶದಲ್ಲೇ ನಿಷೇಧಿಸಿದ್ದಾರೆ. ನೀಲಿ ಮತ್ತು ಕಪ್ಪು ಬಟ್ಟೆ ತ್ಸೆತ್ಸೆ ನೊಣಗಳನ್ನು ಸೆಳೆಯುತ್ತದೆ, ಸೇನೆಯ ಮಾದರಿಯ ಬಟ್ಟೆ ತೊಡುವಂತಿಲ್ಲ. ಆದ್ದರಿಂದ ಮಾಸಲು ಖಾಕಿ, ಕಂದು ಬಣ್ಣಗಳೇ ಲೇಸು. ಪ್ಲಗ್ ಚೌಕ ಕಾಲಿನ ಮೂರು ಪಿನ್ನಿನದು, ಅಡಾಪ್ಟರ್ ಬೇಕು.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಬರೆದರೆ ಸಾಲದು. ಮಾಂಸ, ಮೀನು, ಮೊಟ್ಟೆ ಬೇಡವೆಂದು ಬಿಡಿಸಿ ಬರೆಯಬೇಕು. ಶಿಬಿರಗಳಲ್ಲಿ ಅನ್ನ, ಚಪಾತಿ, ಹುರುಳಿಕಾಯಿ ಬೀಜದ ಸಾರು, ಸೊಪ್ಪಿನ ಪಲ್ಯ ಧಾರಾಳವಾಗಿ ಸಿಗುತ್ತವೆ. ಕಷ್ಟವಿರುವುದು ಮಧ್ಯಾಹ್ನದ ಪೊಟ್ಟಣದಲ್ಲಿ. ಮನೆಯಿಂದ ಒಯ್ದ ಚಟ್ನಿಪುಡಿ, ಹುರಿದ ಅವಲಕ್ಕಿ ಆಗ ಆಪದ್ಬಾಂಧವರು. ಆದರೆ ಅವನ್ನು ರಾತ್ರಿ ಡೇರೆಯೊಳಗೆ ಇಟ್ಟುಕೊಳ್ಳಬೇಡಿ. ಸೆರೆಂಗೆಟಿಯ ಸಾರ್ವಜನಿಕ ಶಿಬಿರಗಳಿಗೆ ಬೇಲಿಯಿಲ್ಲ, ವಾಸನೆ ಹಿಡಿದು ಕತ್ತೆಕಿರುಬಗಳು ಬರುತ್ತವೆ. ತಿಂಡಿಯ ಚೀಲ ವಾಹನದಲ್ಲೋ ಅಡುಗೆಮನೆಯಲ್ಲೋ ಇರಲಿ.

ಮಲೇರಿಯಾ ತಡೆಗೆ ಯಾವ ಮಾತ್ರೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಊರಿಗೆ ಮರಳಿದೊಡನೆ ಅದನ್ನು ನಿಲ್ಲಿಸುವಂತಿಲ್ಲ: ಡಾಕ್ಸಿಸೈಕ್ಲಿನ್ ಆದರೆ ಇನ್ನೂ ನಾಲ್ಕು ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಇನ್ನೂ ಏಳು ದಿನ ಮುಂದುವರಿಸಬೇಕು. ಹಳದಿ ಜ್ವರದ ಪ್ರಮಾಣಪತ್ರವನ್ನು ಲಗೇಜಿನ ತಳದಲ್ಲಿಡದೆ ಪಾಸ್‌ಪೋರ್ಟಿನೊಂದಿಗೇ ಇರಿಸಿಕೊಳ್ಳಿ. ಅಡಿಸ್ ಅಬಾಬಾದಿಂದ ಬಂದಿಳಿದವರನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಅದಕ್ಕಾಗಿ ಕೇಳಬಹುದು, ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲು ಆರೋಗ್ಯಾಧಿಕಾರಿಗಳಿಗೆ ಅಧಿಕಾರವಿದೆ. ಆಮೇಲಿನ ತಿಂಗಳುಗಳಲ್ಲಿ ಯಾವಾಗ ಜ್ವರ ಬಂದರೂ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಆಫ್ರಿಕಾಕ್ಕೆ ಹೋಗಿಬಂದಿದ್ದೀರಿ ಎಂಬುದನ್ನು.